ನಿಮಗಿದು ಗೊತ್ತೇ? ಮೇಲಿನ ಮಂಚದಿಂದ ಮಗು ಬಿದ್ದರೆ ಅದು ಬರೀ ಗ್ರಹಚಾರವಲ್ಲ

ರಾಮನಗರದ ಕೂಟಗಲ್ ಹೋಬಳಿಯಲ್ಲೂ ಈಗ ಹೊಸ ಮನೆ ಕಟ್ಟುವವರು ಮಕ್ಕಳಿಗೆಂದು ಒಂದು ಕೋಣೆ ಬಿಡುತ್ತಾರೆ. ಹತ್ತಡಿ ಕೋಣೆ, ಇಬ್ಬರು ಮಕ್ಕಳು, ಓದುವ ಮೇಜು, ಒಂದು ಬೀರು. ಎರಡು ಮಂಚಕ್ಕೆ ಜಾಗ ಸಾಲದು. ಆಗ ಬರುವುದು ಮೇಲೊಂದು ಕೆಳಗೊಂದು ಹಾಸಿಗೆಯ ಡಬಲ್ ಮಂಚ. ಹಾಸ್ಟೆಲಿನವರು ಇದನ್ನೇ ಟೂ ಟಯರ್ ಕಾಟ್ ಎನ್ನುತ್ತಾರೆ. ಮೇಲಿನಿಂದ ಮಗು ಬಿದ್ದರೆ ದೃಷ್ಟಿ ತೆಗೆದು, ‘ಇಷ್ಟಕ್ಕೇ ಹೋಯ್ತಲ್ಲ, ಗ್ರಹಚಾರ’ ಎಂದು ಸುಮ್ಮನಾಗುವುದು ನಮ್ಮ ರೂಢಿ. ಆದರೆ ಎಷ್ಟೋ ಸಲ ಹಾಗೆ ಬಿದ್ದದ್ದರ ಹಿಂದೆ ತಪ್ಪಿದ ಒಂದು ಅಳತೆ ಇರುತ್ತದೆ. ಆ ತಪ್ಪಿಗೆ ಹೊಣೆ ಯಾರೆಂದು ಹೇಳುವ ಕಾನೂನೂ ಇದೆ. ಎರಡನ್ನೂ ತಿಳಿದಿಟ್ಟುಕೊಳ್ಳೋಣ.

ಎತ್ತರ ಮತ್ತು ಅಳತೆ

1. ಐದು ಅಡಿ ಎತ್ತರದಿಂದ ಬಿದ್ದ ಮಗು ನೆಲ ಮುಟ್ಟಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಸಾಕು. ನೆಲಕ್ಕೆ ಬಡಿಯುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಪಕ್ಕದ ಕೋಣೆಯ ಅಮ್ಮ ಓಡಿ ಬರುವುದಿರಲಿ, ಎದುರಿಗೇ ಕೂತ ಅಪ್ಪನೂ ಕೈ ಚಾಚಲಾರ. ಮಗುವನ್ನು ಹಿಡಿಯಬೇಕಾದದ್ದು ಮಂಚದ ಅಡ್ಡಪಟ್ಟಿಯೇ.

2. ಡಬಲ್ ಮಂಚದ ಗಾಯಗಳ ದೊಡ್ಡ ಲೆಕ್ಕ ಸಿಕ್ಕಿರುವುದು ಅಮೆರಿಕದಿಂದ. 1990ರಿಂದ 2005ರವರೆಗಿನ ಆಸ್ಪತ್ರೆ ದಾಖಲೆ ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ವರ್ಷಕ್ಕೆ ಸರಾಸರಿ 36,000ದಷ್ಟು ಮಕ್ಕಳು ಮತ್ತು ಯುವಕರು ಈ ಮಂಚದಿಂದ ಪೆಟ್ಟು ತಿಂದು ತುರ್ತು ಚಿಕಿತ್ಸೆಗೆ ಬಂದಿದ್ದರು. ನಾಲ್ಕರಲ್ಲಿ ಸುಮಾರು ಮೂರು ಪಾಲು ಬಿದ್ದು ಆದ ಪೆಟ್ಟು.

3. ಹಾಗೆ ಪೆಟ್ಟಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆರು ವರ್ಷದೊಳಗಿನವರು. ಚಿಕ್ಕ ಮಕ್ಕಳ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರವೂ ಹೆಚ್ಚು. ಬಿದ್ದರೆ ತಲೆ, ಕತ್ತು, ಮುಖಕ್ಕೇ ಪೆಟ್ಟು ಬೀಳುವುದು ಜಾಸ್ತಿ.

4. ಅಮೆರಿಕ ಮತ್ತು ಯುರೋಪಿನಲ್ಲಿ ಆರು ವರ್ಷದೊಳಗಿನ ಮಗುವನ್ನು ಮೇಲಿನ ಹಾಸಿಗೆಯಲ್ಲಿ ಮಲಗಿಸಬಾರದೆಂಬ ಎಚ್ಚರಿಕೆಯನ್ನು ಮಂಚದ ಮೇಲೇ ಬರೆಯಬೇಕು. ಆಸ್ಟ್ರೇಲಿಯಾದ ಸಲಹೆ ಇನ್ನೂ ಬಿಗಿ: ಒಂಬತ್ತು ವರ್ಷ ತುಂಬುವವರೆಗೆ ಮೇಲೆ ಹತ್ತಿಸಬೇಡಿ. ನಮ್ಮ ಮನೆಗಳಲ್ಲಿ ‘ಅಣ್ಣ ಮೇಲೆ, ತಮ್ಮ ಕೆಳಗೆ’ ಎಂದಷ್ಟೇ ಹೇಳಿದರೆ ಸಾಲದು. ಅಣ್ಣನಿಗೂ ಆರು ದಾಟಿರಬೇಕು.

5. ನೆಲದಿಂದ ಹಾಸಿಗೆಯ ಹಲಗೆಯ ತಳಭಾಗ 30 ಇಂಚಿಗಿಂತ ಮೇಲಿದ್ದರೆ ಎರಡೂ ಬದಿಗೆ ಅಡ್ಡಪಟ್ಟಿ ಇರಲೇಬೇಕು. ಅಮೆರಿಕ 1999ರಲ್ಲಿ ಮಾಡಿ 2000ದ ಜೂನ್‌ನಲ್ಲಿ ಜಾರಿಗೆ ತಂದ ನಿಯಮವಿದು.

6. ‘ಗೋಡೆ ಇದೆಯಲ್ಲ, ಆ ಕಡೆ ಪಟ್ಟಿ ಯಾಕೆ?’ ಎಂದು ಕೇಳದವರಿಲ್ಲ. ಮಗು ಹೊರಳಾಡಿದಂತೆ ಮಂಚ ಗೋಡೆಯಿಂದ ಒಂದೊಂದೇ ಇಂಚು ಸರಿಯುತ್ತದೆ. ಆ ಸಂದಿಯಲ್ಲಿ ಮೈ ಜಾರಿ ಕತ್ತು ಸಿಕ್ಕಿಕೊಂಡರೆ ಕೂಗಲೂ ಆಗದು. ಹಾಗಾಗಿಯೇ ಅಮೆರಿಕದ ನಿಯಮ ಗೋಡೆ ಬದಿಯ ಪಟ್ಟಿ ತಲೆಯಿಂದ ಕಾಲಿನವರೆಗೆ ಎಲ್ಲೂ ಕಡಿಯದೆ ಇರಬೇಕು ಎನ್ನುತ್ತದೆ.

7. ಪಟ್ಟಿಯ ಎತ್ತರ ಅಳೆಯಬೇಕಾದದ್ದು ಹಲಗೆಯಿಂದಲ್ಲ, ಹಾಸಿಗೆಯ ಮೇಲ್ಮೈಯಿಂದ. ಹಾಸಿಗೆ ಹಾಸಿದ ಮೇಲೂ ಪಟ್ಟಿ ಕನಿಷ್ಠ 5 ಇಂಚು ಎದ್ದಿರಬೇಕೆಂದು ಅಮೆರಿಕ ಹೇಳಿದರೆ, ಯುರೋಪು 16 ಸೆಂ.ಮೀ., ಅಂದರೆ ಆರಿಂಚಿಗೂ ಹೆಚ್ಚು ಕೇಳುತ್ತದೆ.

8. ಈ ಲೆಕ್ಕ ತಪ್ಪುವುದು ಹಾಸಿಗೆ ಬದಲಾಯಿಸಿದ ದಿನ. ಹಲಗೆಯಿಂದ 10 ಇಂಚು ಎತ್ತರದ ಪಟ್ಟಿ ಇದೆ ಎನ್ನಿ. ನಾಲ್ಕಿಂಚಿನ ತೆಂಗಿನನಾರಿನ ಹಾಸಿಗೆ ಹಾಕಿದರೆ ಆರಿಂಚು ಆಸರೆ ಉಳಿಯಿತು. ಮಗುವಿಗೆ ಮೆತ್ತಗಿರಲಿ ಎಂದು ಎಂಟಿಂಚಿನ ಸ್ಪ್ರಿಂಗ್ ಹಾಸಿಗೆ ತಂದರೆ ಉಳಿದದ್ದು ಎರಡೇ ಇಂಚು. ಮಂಚ ಅದೇ, ಪಟ್ಟಿ ಅದೇ. ಅಪಾಯ ಮಾತ್ರ ಹೊಸದು.

9. ಪಟ್ಟಿ ಪಟ್ಟಿಗಳ ನಡುವಿನ ಸಂದಿ 3.5 ಇಂಚಿಗಿಂತ, ಅಂದರೆ ಸುಮಾರು 9 ಸೆಂ.ಮೀ.ಗಿಂತ ಕಡಿಮೆ ಇರಬೇಕು. ಮಗುವಿನ ಕಾಲು, ಸೊಂಟ, ಎದೆ ತೂರಿಹೋಗುವಷ್ಟು ಜಾಗದಲ್ಲಿ ತಲೆ ತೂರುವುದಿಲ್ಲ. ಮೈ ಹೊರಗೆ, ತಲೆ ಒಳಗೆ ಸಿಕ್ಕಿ ಮಗು ನೇತಾಡುತ್ತದೆ. ಬೀಳುವುದಕ್ಕಿಂತ ಇದು ಘೋರ.

10. ಏಣಿ ಕೊಕ್ಕೆ ಹಾಕಿರುವ ಕಡೆಯೂ ಸಂದಿ ಇರುತ್ತದೆ. ಅಮೆರಿಕದಲ್ಲಿ ಏಣಿಗೂ ಮಂಚಕ್ಕೂ ನಡುವೆ ಸಿಕ್ಕಿ ಎರಡು ವರ್ಷದ ಮಗು ಸತ್ತ ಮೇಲೆ, 2021ರಲ್ಲಿ ಸುಮಾರು 40,000 ಮಂಚಗಳನ್ನು ಕಂಪನಿ ಮಾರುಕಟ್ಟೆಯಿಂದ ವಾಪಸ್ ಕರೆಯಬೇಕಾಯಿತು. ಕೆಳಗೆ ಆಡುವ ಮಗುವಿಗೂ ಈ ಮಂಚ ಅಪಾಯವೇ.

11. ನಮ್ಮ ಮನೆಗಳಲ್ಲಿ ಇನ್ನೊಂದು ಗಂಡಾಂತರವಿದೆ: ಸೀಲಿಂಗ್ ಫ್ಯಾನು. ಹತ್ತಡಿ ಸೂರು, ಒಂದಡಿ ರಾಡು ಅಂದರೆ ರೆಕ್ಕೆ ಒಂಬತ್ತಡಿಯಲ್ಲಿ ತಿರುಗುತ್ತದೆ. ಐದಡಿ ಎತ್ತರದ ಹಾಸಿಗೆಯ ಮೇಲೆ ನಾಲ್ಕಡಿಯ ಮಗು ಎದ್ದು ನಿಂತರೆ ತಲೆ ಅಲ್ಲಿಗೇ ಬಂತು. ಫ್ಯಾನಿನಿಂದ ಮಂಚ ಎರಡು ಮೀಟರಾದರೂ ದೂರವಿರಲಿ ಎಂಬುದು ಆಸ್ಟ್ರೇಲಿಯಾದ ಸಲಹೆ. ಹತ್ತಡಿ ಕೋಣೆಯಲ್ಲಿ ಅದು ಆಗದ ಮಾತು. ಅಲ್ಲಿ ಸೀಲಿಂಗ್ ಫ್ಯಾನ್ ತೆಗೆಸಿ, ಬಲೆ ಮುಚ್ಚಿದ ಗೋಡೆ ಫ್ಯಾನನ್ನು ಮಕ್ಕಳ ಕೈಗೆ ಎಟುಕದ ಕಡೆ ಹಾಕಿಸುವುದೊಂದೇ ದಾರಿ.

12. ಮೇಲಿನ ಕಂಬಿಗೆ ಸೀರೆ ಕಟ್ಟಿ ಕೂಸಿಗೆ ಜೋಲಿ, ಹಗ್ಗ ಕಟ್ಟಿ ಉಯ್ಯಾಲೆ, ವೇಲ್ ಇಳಿಬಿಟ್ಟು ಗುಬ್ಬಿಮನೆ ಆಟ: ಇವೆಲ್ಲ ಕುತ್ತಿಗೆಗೆ ಉರುಳಾಗಬಲ್ಲವು. ಸೊಳ್ಳೆಪರದೆಯ ದಾರವನ್ನೂ ಗಿಡ್ಡವಾಗಿ ಕಟ್ಟಿ.

13. ಮಂಚ ಕಿಟಕಿಗೆ ತಾಗಿದ್ದರೆ, ಗ್ರಿಲ್ ಇಲ್ಲದ ಕಿಟಕಿಯೇ ಮೇಲಿನ ಹಾಸಿಗೆಯ ಮಗುವಿಗೆ ಬಾಗಿಲಾಗುತ್ತದೆ.

14. ಇದು ಚಿಕ್ಕ ಮಕ್ಕಳ ಕಷ್ಟ ಮಾತ್ರವಲ್ಲ. ಅದೇ ಅಮೆರಿಕದ ಅಧ್ಯಯನದಲ್ಲಿ 14ರಿಂದ 17 ವರ್ಷದವರಿಗಿಂತ 18ರಿಂದ 21 ವರ್ಷದವರಿಗೆ ಸುಮಾರು ಎರಡು ಪಟ್ಟು ಪೆಟ್ಟಾಗಿತ್ತು. ಹಾಸ್ಟೆಲ್ ವಾಸ ಅದಕ್ಕೊಂದು ಕಾರಣವಿರಬಹುದು. ಬಿಡದಿ ಕೈಗಾರಿಕಾ ಪ್ರದೇಶದ ಸುತ್ತ ಪಿಜಿಗಳಲ್ಲಿ ಇರುವ ಹುಡುಗರೂ ಮೇಲಿನ ಹಾಸಿಗೆಗೆ ಅಡ್ಡಪಟ್ಟಿ ಕೇಳಬೇಕು. ಅದರಲ್ಲಿ ನಾಚಿಕೆಯೇನಿಲ್ಲ.

15. ರೇಷ್ಮೆ ಸೀಮೆಯ ಮಕ್ಕಳಿಗೆ ಡಬಲ್ ಮಂಚ ಬರುವ ಮೊದಲೇ ಅಂತಸ್ತಿನ ಪರಿಚಯ ಉಂಟು. ಹುಳುಮನೆಯ ಸ್ಟ್ಯಾಂಡುಗಳ ಮೇಲೆ ಹತ್ತಿ ಆಡುವುದನ್ನು ನಾವೇ ನೋಡಿದ್ದೇವೆ. ಆ ಸ್ಟ್ಯಾಂಡು ಸೊಪ್ಪು ಮತ್ತು ಹುಳುವಿನ ಭಾರಕ್ಕೆ ಮಾಡಿದ್ದು. ಹುಳು ಇಲ್ಲದ ದಿನಗಳಲ್ಲಿ ಅದರ ಮೇಲೆ ಮಕ್ಕಳನ್ನು ಮಲಗಿಸುವುದು ಬೇಡ.

ಅಂಗಡಿಯಲ್ಲಿ, ಆಚಾರ್ರ ಬಳಿ

16. ಡಬಲ್ ಮಂಚಕ್ಕೆಂದೇ ಭಾರತದಲ್ಲಿ ಪ್ರತ್ಯೇಕ ಮಾನಕವಿದೆ: ಐಎಸ್ 17636, ವರ್ಷ 2022. ಮಾಮೂಲಿ ಮಂಚದ ಮಾನಕ ಐಎಸ್ 17635. ಅಂಗಡಿಯವರು ‘ಐಎಸ್‌ಐ ಇದೆ ಸಾರ್’ ಎಂದರೆ ಯಾವ ಸಂಖ್ಯೆ ಎಂದು ಕೇಳಿ.

17. ಪೀಠೋಪಕರಣಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಗುಣಮಟ್ಟ ನಿಯಂತ್ರಣ ಆದೇಶವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2025ರ ಫೆಬ್ರವರಿಯಲ್ಲಿ, ಒಂದು ವರ್ಷದ ಕಾಲಾವಕಾಶ ಕೊಟ್ಟು. ಆ ಪಟ್ಟಿಯಲ್ಲಿ ಡಬಲ್ ಮಂಚವೂ ಇದೆ. ಆಟಿಕೆಗಳಿಗೆ ಇಂಥ ಕಡ್ಡಾಯ 2021ರ ಜನವರಿ 1ರಿಂದಲೇ ಇದೆ. ಮಗು ಕೈಯಲ್ಲಿ ಹಿಡಿಯುವ ಬುಗುರಿಗೆ ಸಿಕ್ಕ ಕಾಳಜಿ ಅದು ರಾತ್ರಿಯಿಡೀ ಮಲಗುವ ಮಂಚಕ್ಕೆ ಸಿಗಲು ಇಷ್ಟು ತಡವಾಯಿತು.

18. ಭೌಗೋಳಿಕ ಸೂಚಿಕೆ ಪಡೆದ ಚನ್ನಪಟ್ಟಣದ ಗೊಂಬೆಗೆ ಆ ಆಟಿಕೆ ಆದೇಶದಿಂದ ವಿನಾಯಿತಿ ಉಂಟು, ಅಧಿಕೃತವಾಗಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಮಟ್ಟಿಗೆ. ಆಲೆಮರವನ್ನು ಚೂಪು ಉಳಿಯದಂತೆ ಕಡೆದು ಅರಗಿನ ಬಣ್ಣ ಹಾಕುವ ಆ ಕಸಬು ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಳೆದದ್ದು. ಅದೇ ಸೀಮೆಯ ಮರಗೆಲಸದವರಿಗೆ ಸುರಕ್ಷಿತ ಮಂಚ ಕಷ್ಟದ ಕೆಲಸವಲ್ಲ. ಅಳತೆಯನ್ನು ನಾವು ಕೊಡಬೇಕು ಅಷ್ಟೆ.

19. ಗುರುತು ಅಸಲಿಯೋ ನಕಲಿಯೋ ಎಂದು ಮೊಬೈಲಿನಲ್ಲೇ ನೋಡಬಹುದು. ಬಿಐಎಸ್ ಕೇರ್ ಆ್ಯಪ್ ತೆರೆದು, ಐಎಸ್‌ಐ ಚಿಹ್ನೆಯ ಕೆಳಗಿರುವ ಸಿಎಂ/ಎಲ್ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ವಿಳಾಸ ಬರುತ್ತದೆ. ಭಾರತೀಯ ಮಾನಕ ಬ್ಯೂರೋದ ಬೆಂಗಳೂರು ಕಚೇರಿ ಇರುವುದು ಪೀಣ್ಯದಲ್ಲಿ.

20. ಊರಿನಲ್ಲೇ ಮಾಡಿಸುವವರು ಆಚಾರ್ರ ಕೈಗೆ ಒಂದು ಚೀಟಿ ಕೊಡಿ. ‘ಆಚಾರ್ರೇ, ಹಾಸಿಗೆ ನಾಲ್ಕಿಂಚು. ಅದರ ಮೇಲೆ ಪಟ್ಟಿ ಏಳಿಂಚು ಏಳಲಿ. ಎರಡೂ ಕಡೆ ಪಟ್ಟಿ. ಸಂದಿ ಮೂರಿಂಚು ದಾಟದಿರಲಿ. ಏಣಿ ಅಲ್ಲಾಡದಂತೆ ಬೋಲ್ಟ್ ಹಾಕಿ, ಬರೀ ಮೊಳೆ ಬೇಡ. ಮಂಚ ಗೋಡೆಗೆ ಬಿಗಿಯಾಗಲಿ. ಮೂಲೆ ಎಲ್ಲ ಉರುಟು ಮಾಡಿ.’ ಚೀಟಿಯ ಒಂದು ಪ್ರತಿ ನಿಮ್ಮಲ್ಲೂ ಇರಲಿ. ಕೆಲಸ ಮುಗಿದ ದಿನ ಟೇಪು ಹಿಡಿದು, ಹಾಸಿಗೆ ಹಾಸಿಯೇ ಇಬ್ಬರೂ ಅಳೆದು ನೋಡಿ.

21. ಬೋಲ್ಟು ಒಮ್ಮೆ ಬಿಗಿದರೆ ಮುಗಿಯಲಿಲ್ಲ. ಮರ ಬೇಸಿಗೆಗೆ ಕುಗ್ಗುತ್ತದೆ, ಮಳೆಗಾಲಕ್ಕೆ ಹಿಗ್ಗುತ್ತದೆ. ಕಬ್ಬಿಣದ ಮಂಚದಲ್ಲಿ ಏಣಿಯ ಬೆಸುಗೆ ತುಕ್ಕು ಹಿಡಿಯುತ್ತದೆ. ಯುಗಾದಿಗೆ, ಗೌರಿ ಹಬ್ಬಕ್ಕೆ, ಸಂಕ್ರಾಂತಿಗೆ ಮನೆ ಗುಡಿಸುವಾಗ ಮಂಚದ ನಟ್ಟುಗಳನ್ನೂ ಬಿಗಿದುಬಿಡಿ.

22. ಬಿಲ್ ಕೊಡಲು ಒಲ್ಲೆ ಎನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’ ಎಂಬ ಮಾತಿಗೆ ಒಪ್ಪಿದರೆ ಉಳಿಸುವ ಹಣ ಕಡಿಮೆ, ಕೈಬಿಡುವ ಹಕ್ಕು ದೊಡ್ಡದು.

ರೈಲು, ಬಸ್ಸು, ಹಾಸ್ಟೆಲ್

23. ಡಬಲ್ ಮಂಚ ಇಲ್ಲದ ಮನೆಯ ಮಗುವೂ ರೈಲಿನಲ್ಲಿ ಮೇಲಿನ ಬರ್ತ್ ನೋಡುತ್ತದೆ. 2024ರ ಜೂನ್‌ನಲ್ಲಿ ದೆಹಲಿಗೆ ಹೊರಟಿದ್ದ ರೈಲಿನಲ್ಲಿ, ತೆಲಂಗಾಣದ ವರಂಗಲ್ ಹತ್ತಿರ, ಮೇಲಿನ ಬರ್ತ್ ಕೆಳಗೆ ಬಿದ್ದು ಕೇರಳದ ಪ್ರಯಾಣಿಕರೊಬ್ಬರು ತೀರಿಹೋದರು. ಬರ್ತ್ ಮುರಿದಿರಲಿಲ್ಲ, ಸರಪಳಿಯನ್ನು ಸರಿಯಾಗಿ ಕೊಕ್ಕೆಗೆ ಸಿಕ್ಕಿಸಿರಲಿಲ್ಲ ಎಂದಿತು ರೈಲ್ವೆ. ಕೆಳಗೆ ಮಗುವನ್ನು ಮಲಗಿಸುವ ಮುನ್ನ ಎರಡೂ ಸರಪಳಿ ಎಳೆದು ನೋಡಿ. ಸಡಿಲವಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

24. ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಹೊರಗೆ ಬಿದ್ದರೆ, ರೈಲ್ವೆಯ ತಪ್ಪು ತೋರಿಸದೆಯೂ ಪರಿಹಾರ ಕೇಳಬಹುದು. ಇದು 1989ರ ರೈಲ್ವೆ ಕಾಯ್ದೆಯ 124ಎ ಕಲಂ. ರೈಲಿನೊಳಗೇ ಬರ್ತ್‌ನಿಂದ ಬಿದ್ದದ್ದು ಬೇರೆ ವಿಷಯ. ಅಲ್ಲಿ ಕೊಕ್ಕೆ ಕೆಟ್ಟಿತ್ತು, ಸೇವೆಯಲ್ಲಿ ಲೋಪವಿತ್ತು ಎಂದು ನಾವು ತೋರಿಸಬೇಕು. ಅದಕ್ಕೇ ಆ ದೂರಿನ ಸಂಖ್ಯೆ ಮುಖ್ಯ.

25. ಸ್ಲೀಪರ್ ಬಸ್ಸಿನ ಮೇಲಿನ ಬರ್ತ್‌ನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಅಪಘಾತದಲ್ಲಿ ಪೆಟ್ಟಾದರೆ ದಾರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ.

26. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಮಕ್ಕಳು ಸೇರುವುದು ಆರನೇ ತರಗತಿಗೆ, ಹತ್ತು ಹನ್ನೊಂದು ವರ್ಷದವರಾಗಿ. ಅಪ್ಪ ಅಮ್ಮ ಟ್ರಂಕ್ ಇಟ್ಟು ಬರುವ ದಿನವೇ ಮಗುವಿನ ಮಂಚವನ್ನೊಮ್ಮೆ ಅಲ್ಲಾಡಿಸಿ ನೋಡಲಿ. ಪಟ್ಟಿ ಇಲ್ಲದಿದ್ದರೆ ವಾರ್ಡನ್‌ಗೆ ಬಾಯಲ್ಲಿ ಹೇಳದೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಮುಂದೆ ಏನಾದರೂ ಆದರೆ ‘ನಮಗೆ ಗೊತ್ತಿರಲಿಲ್ಲ’ ಎನ್ನಲು ಆಗದು.

27. ಹಣ ಕೊಡದೆ ಪಡೆದ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ. ಆದ್ದರಿಂದ ಸರ್ಕಾರಿ ಹಾಸ್ಟೆಲಿನಲ್ಲಿ ಪೆಟ್ಟಾದರೆ ಸಿವಿಲ್ ನ್ಯಾಯಾಲಯಕ್ಕೆ, ಇಲ್ಲವೇ ರಿಟ್ ಅರ್ಜಿ ಮೂಲಕ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕು. ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098.

28. ಮಕ್ಕಳನ್ನು ತನ್ನ ವಶಕ್ಕೆ ಪಡೆದ ಸಂಸ್ಥೆ ಕೈ ತೊಳೆದುಕೊಳ್ಳಲಾಗದು ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣವಿದೆ. 2006ರಲ್ಲಿ ಶಾಲೆಯಿಂದ ಉತ್ತರ ಭಾರತ ಪ್ರವಾಸ ಹೋದ 14 ವರ್ಷದ ಬಾಲಕಿಗೆ ಜ್ವರ ಬಂದು ಮಿದುಳಿಗೆ ಏರಿತು. ಜೊತೆಗಿದ್ದವರು ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡಿಸಲಿಲ್ಲ. ಕರ್ನಾಟಕ ರಾಜ್ಯ ಗ್ರಾಹಕ ಆಯೋಗ 88.73 ಲಕ್ಷ ರೂ. ಪರಿಹಾರ ಕೊಡಿಸಿತು. ರಾಷ್ಟ್ರೀಯ ಆಯೋಗ ಅದನ್ನು 50 ಲಕ್ಷಕ್ಕೆ ಇಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಪೂರ್ತಿ ಮೊತ್ತವನ್ನು ಬಡ್ಡಿಸಹಿತ ಮತ್ತೆ ಕೊಡಿಸಿತು.

ಬಿದ್ದ ಮೇಲೆ ಮಾಡಬೇಕಾದದ್ದು

29. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಕತ್ತು ನೋವೆಂದರೆ ಎತ್ತಿ ಕೂರಿಸಬೇಡಿ. ಚೆನ್ನಾಗಿ ಆಡುತ್ತಿದ್ದರೂ ಎರಡು ದಿನ ಮಗುವಿನ ಮೇಲೆ ಕಣ್ಣಿರಲಿ.

30. ಬೀಳುವ ಮಗು ಕೈ ಊರುತ್ತದೆ. ಆಗ ಮೊಣಕೈ ಮೇಲಿನ ಮೂಳೆ ಮುರಿಯುವುದು ಐದಾರು ವರ್ಷದವರಲ್ಲಿ ತೀರಾ ಸಾಮಾನ್ಯ. ಎಣ್ಣೆ ಹಚ್ಚಿ ತಿಕ್ಕಬೇಡಿ. ಬಿದಿರು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿದ ನಾಟಿ ಕಟ್ಟು ರಕ್ತ ಓಡದಂತೆ ಮಾಡಿ, ಬೆರಳು, ಕೆಲವೊಮ್ಮೆ ಕೈಯನ್ನೇ ಕಳೆಯುವಂತೆ ಮಾಡಿದ ಉದಾಹರಣೆಗಳು ವೈದ್ಯರ ದಾಖಲೆಗಳಲ್ಲಿವೆ. ಮೊದಲು ಎಕ್ಸ್‌ರೇ.

31. ಆಸ್ಪತ್ರೆಯಲ್ಲಿ ‘ಹೇಗಾಯ್ತು?’ ಎಂದು ಕೇಳಿದಾಗ ಗಾಬರಿಯಲ್ಲಿ ‘ಆಟ ಆಡ್ತಾ ಬಿದ್ದ’ ಎಂದುಬಿಡುತ್ತೇವೆ. ಕೇಸ್ ಶೀಟಿನಲ್ಲಿ ಅದೇ ದಾಖಲಾಗುತ್ತದೆ. ಏಣಿ ಮುರಿದು ಬಿದ್ದಿದ್ದರೆ ಏಣಿ ಮುರಿಯಿತು ಎಂದೇ ಬರೆಸಿ. ಮುಂದೆ ಗ್ರಾಹಕ ಆಯೋಗ ಮೊದಲು ಓದುವ ಕಾಗದ ಅದು. ಗಂಭೀರ ಗಾಯಕ್ಕೆ ವೈದ್ಯಕೀಯ–ಕಾನೂನು ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ.

32. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಸಿಗುತ್ತದೆ. ದೊಡ್ಡಾಸ್ಪತ್ರೆಗೆ ಹೊರಡುವಾಗ ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

33. ಸಿಟ್ಟಿಗೆ ಆ ಮಂಚವನ್ನು ಒಡೆದು ಒಲೆಗೆ ಹಾಕಬೇಡಿ, ಗುಜರಿಗೂ ಕೊಡಬೇಡಿ. ನಿಮ್ಮ ಕೈಲಿರುವ ದೊಡ್ಡ ಸಾಕ್ಷಿ ಅದೇ. ಟೇಪು ಹಿಡಿದು ಪಟ್ಟಿಯ ಎತ್ತರ, ಸಂದಿಯ ಅಗಲ, ಹಾಸಿಗೆಯ ದಪ್ಪ ಕಾಣುವಂತೆ ಫೋಟೊ ತೆಗೆಯಿರಿ. ಕಿತ್ತ ಬೋಲ್ಟ್, ಮುರಿದ ಮೆಟ್ಟಿಲು, ಕಂಪನಿ ಲೇಬಲ್, ಜೋಡಣೆಯ ಕೈಪಿಡಿ, ಫೋನ್ ಪೇ ರಸೀದಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಡಿ.

ಕಾನೂನಿನ ಬಾಗಿಲುಗಳು

34. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಉತ್ಪನ್ನ ಹೊಣೆಗಾರಿಕೆ’ ಎಂಬ ಹೊಸ ಅಧ್ಯಾಯವೇ ಇದೆ, 82ರಿಂದ 87ನೇ ಕಲಂವರೆಗೆ. ಕೆಟ್ಟ ಮಂಚಕ್ಕೆ ಮಂಚದ ಬೆಲೆ ವಾಪಸ್ ಕೊಟ್ಟರೆ ಮುಗಿಯಿತು ಎಂಬ ಕಾಲ ಹೋಯಿತು. ಮಗುವಿನ ಗಾಯಕ್ಕೆ, ಅದರಿಂದಾದ ಮನೋವೇದನೆಗೂ ಪರಿಹಾರ ಕೇಳಬಹುದು.

35. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲೇ ದೋಷ, ಎಚ್ಚರಿಕೆ ಅಥವಾ ಸೂಚನೆ ಕೊಡದ ದೋಷ: ಇವು ಮೂರೂ ತಯಾರಕರನ್ನು ಹೊಣೆ ಮಾಡುವ ಕಾರಣಗಳು. ‘ಆರು ವರ್ಷದೊಳಗಿನವರಿಗಲ್ಲ’ ಎಂದು ಎಲ್ಲೂ ಬರೆಯದೆ ಮಾರಿದ್ದರೆ ಅದನ್ನೇ ಹಿಡಿದು ಕೇಳಬಹುದು.

36. ಮಂಚ ತಂದುಕೊಟ್ಟು ಜೋಡಿಸಿದ್ದು ಅಂಗಡಿಯ ಹುಡುಗರಾಗಿ, ಜೋಡಣೆಯಲ್ಲಿ ತಪ್ಪಾಗಿದ್ದರೆ ಅಂಗಡಿಯವರೂ ಹೊಣೆ. ತಯಾರಕ ಯಾರೆಂದೇ ಗೊತ್ತಾಗದಿದ್ದರೂ ಮಾರಿದವರನ್ನು ಕೇಳಬಹುದು. 86ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

37. ಕಾನೂನು ನಮ್ಮ ತಪ್ಪನ್ನೂ ನೋಡುತ್ತದೆ. ಅಡ್ಡಪಟ್ಟಿ ನಾವೇ ಬಿಚ್ಚಿದ್ದರೆ, ಮಂಚವನ್ನು ಮಾರ್ಪಡಿಸಿದ್ದರೆ ಮಾರಿದವರ ವಿರುದ್ಧದ ದಾವೆ ನಿಲ್ಲದು. ಹಾಸಿಗೆ ಹಾಸಲು ಅಡ್ಡ ಬರುತ್ತದೆಂದು ಬಿಚ್ಚಿ ಅಟ್ಟಕ್ಕೆ ಹಾಕಿದ ಪಟ್ಟಿ ಇದ್ದರೆ ಇಂದೇ ಇಳಿಸಿ ಹಾಕಿ.

38. ಬಿಲ್ ಅಪ್ಪನ ಹೆಸರಿನಲ್ಲಿದ್ದು ಬಿದ್ದದ್ದು ಮಗುವಾದರೆ? ಕೊಂಡವರ ಒಪ್ಪಿಗೆಯಿಂದ ವಸ್ತು ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಮಗುವಿನ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ದೂರು ಕೊಡಬಹುದು. ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲೇ, ಮಗುವಿಗೂ ಹೆತ್ತವರಿಗೂ ಪ್ರತ್ಯೇಕವಾಗಿ ಪರಿಹಾರ ಕೊಡಬಹುದೆಂದು ಎತ್ತಿಹಿಡಿದಿದೆ.

39. ಮಂಚ ಆನ್‌ಲೈನಿನಲ್ಲಿ ಕೊಂಡದ್ದು, ಕಂಪನಿ ದೆಹಲಿಯದೋ ಮುಂಬೈಯದೋ. ಆದರೂ ಅಲ್ಲಿಗೆ ಓಡಬೇಕಿಲ್ಲ. ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲೇ ದೂರು ಹಾಕಬಹುದು. ಆನ್‌ಲೈನ್ ಮಾರಾಟ ತಾಣದವರು 48 ಗಂಟೆಯೊಳಗೆ ನಿಮ್ಮ ದೂರನ್ನು ಸ್ವೀಕರಿಸಿದ್ದೇವೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

40. ಆಯೋಗದ ಶುಲ್ಕ ಲೆಕ್ಕವಾಗುವುದು ನೀವು ಕೇಳುವ ಪರಿಹಾರದ ಮೇಲಲ್ಲ, ವಸ್ತುವಿಗೆ ಕೊಟ್ಟ ಬೆಲೆಯ ಮೇಲೆ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಮಂಚದ ದೂರು ಅಂದರೆ ಬಹುಮಟ್ಟಿಗೆ ಪುಕ್ಕಟೆ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ.

41. ಗ್ರಾಹಕ ದೂರಿಗೆ ಕಾಲಮಿತಿ ಎರಡು ವರ್ಷ. ತಡವಾದರೆ ತಕ್ಕ ಕಾರಣ ತೋರಿಸಬೇಕು. ಸಿವಿಲ್ ನ್ಯಾಯಾಲಯದಲ್ಲಿ ಮಗುವಿಗೆ ಹೆಚ್ಚಿನ ಕಾಲ ಉಂಟು: 1963ರ ಕಾಲಮಿತಿ ಕಾಯ್ದೆಯ ಪ್ರಕಾರ 18 ತುಂಬಿದ ಮೇಲೂ ಮೂರು ವರ್ಷದವರೆಗೆ ತಾನೇ ದಾವೆ ಹೂಡಬಹುದು. ಆದರೆ ಸಾಕ್ಷಿಗಳು ಅಷ್ಟು ಕಾಲ ಉಳಿಯುವುದಿಲ್ಲ.

42. ಮಂಚ ಗಟ್ಟಿಯೋ ಲಡ್ಡೋ ಎಂದು ಪರೀಕ್ಷಿಸಲು ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ತೀರಬೇಕೆಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ತಡವಾಗುತ್ತದೆ, ಕೈಬಿಡಬೇಡಿ. ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ.

43. ಪೆಟ್ಟಾದ ಮಗುವಿಗೆ ಎಷ್ಟು ಪರಿಹಾರ? ಕರ್ನಾಟಕದಿಂದ ಹೋದ ಒಂದು ರಸ್ತೆ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ದುಡಿಯದ ಮಗುವೆಂದು ಕಡಿಮೆ ಎಣಿಸಬಾರದೆಂದು ಒಂದು ಮಾಪನ ಕೊಟ್ಟಿತು: ನೋವು ಮತ್ತು ಕಳೆದುಕೊಂಡ ಸುಖಕ್ಕೇ ಶೇ. 10ರವರೆಗಿನ ಅಂಗವೈಕಲ್ಯಕ್ಕೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4 ಲಕ್ಷ, 90ರವರೆಗೆ 5 ಲಕ್ಷ, ಅದಕ್ಕೂ ಮೇಲೆ 6 ಲಕ್ಷ. ಚಿಕಿತ್ಸೆಯ ಖರ್ಚು ಇದಕ್ಕೆ ಹೊರತು.

44. ‘ಆಸ್ಪತ್ರೆ ಖರ್ಚು ಕೊಡ್ತೀವಿ, ಇಲ್ಲೊಂದು ಸಹಿ ಹಾಕಿ’ ಎಂದರೆ ನಿಲ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಮಗುವಿನ ದಾವೆಯಲ್ಲಿ ನ್ಯಾಯಾಲಯದ ಅನುಮತಿಯಿಲ್ಲದೆ ಮಾಡಿಕೊಂಡ ರಾಜಿ ಮಗುವಿನ ಮೇಲೆ ಬಂಧನಕಾರಿಯಲ್ಲ. ಸಿಕ್ಕ ಹಣವನ್ನು ನ್ಯಾಯಾಲಯ ಸಾಮಾನ್ಯವಾಗಿ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಿಸುತ್ತದೆ.

45. ವಕೀಲರಿಗೆ ಕೊಡಲು ಹಣವಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ರಾಮನಗರದ ನ್ಯಾಯಾಲಯ ಸಂಕೀರ್ಣಕ್ಕೆ ಹೋಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಂದು ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

46. ನಿಮ್ಮ ಮಗು ಉಳಿಯಿತು, ಅದೇ ಮಂಚ ಇನ್ನೂ ಅಂಗಡಿಯಲ್ಲಿದೆ. ಅದನ್ನು ವಾಪಸ್ ಕರೆಸುವ ಅಧಿಕಾರ 2020ರಲ್ಲಿ ಸ್ಥಾಪನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಆ ದೂರನ್ನು ಜಿಲ್ಲಾಧಿಕಾರಿಯ ಮೂಲಕವೂ ಕಳಿಸಬಹುದು.

ಇಷ್ಟೆಲ್ಲ ನೆನಪಿಡಲು ಆಗದಿದ್ದರೆ ಎರಡು ಸಂಖ್ಯೆ ಸಾಕು: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಉಚಿತ ಕಾನೂನು ನೆರವು 15100. ದೂರನ್ನು ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಹಾಕಬಹುದು. ಆದರೆ ಪರಿಹಾರದ ಹಣ ಮುರಿದ ಮೂಳೆಗೆ ಔಷಧಿಯಾದೀತು, ತಲೆಗೆ ಬಿದ್ದ ಪೆಟ್ಟನ್ನು ಅಳಿಸದು. ಇಂದು ರಾತ್ರಿ ಮಕ್ಕಳು ಮಲಗುವ ಮುನ್ನ ಮನೆಯಲ್ಲಿರುವ ಟೇಪು ತಗೊಂಡು ನಾಲ್ಕು ಅಳತೆ ನೋಡಿ: ಹಾಸಿಗೆಯ ಮೇಲೆ ಪಟ್ಟಿ ಆರಿಂಚಿಗೂ ಹೆಚ್ಚು ಇದೆಯೇ, ಸಂದಿ ಮೂರೂವರೆ ಇಂಚಿಗಿಂತ ಕಡಿಮೆಯೇ, ಗೋಡೆ ಬದಿಗೂ ಪಟ್ಟಿ ಇದೆಯೇ, ಫ್ಯಾನು ಮಗುವಿನ ಕೈಗೆ ಎಟುಕದಷ್ಟು ದೂರವೇ. ಒಂದು ತಪ್ಪಿದ್ದರೂ, ಸರಿಯಾಗುವವರೆಗೆ ಮೇಲಿನ ಹಾಸಿಗೆಯನ್ನು ಕೆಳಗೆ ಹಾಸಿ ಮಲಗಿಸಿ.